ಯಾರು ಕುಡಿಯುವ ನೀರು

ಉಡುಪಿಯ ಹೋಟೆಲು ಮಾಲೀಕರೊಬ್ಬರು ಒಂದು ಬಾಟ್ಲಿ ಬಾವಿನೀರು ಹಿಡಿದುಕೊಂಡು ಕಾರ್ಕಳದ ಕಡೆಯ ಕಾಲೇಜಿಗೆ ಬಂದಿದ್ದರು. ನೀರಿನಲ್ಲಿ ಏನೋ ವಾಸನೆ, ಪರೀಕ್ಷೆ ಮಾಡಿಕೊಡಬೇಕು ಎಂದರು. ರಸಾಯನಶಾಸ್ತ್ರದ ಅಧ್ಯಾಪಕಿ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಯಾವಾಗ ತುಂಬಿಸಿದ್ದು?”

“ನಿನ್ನೆಯೋ ಮೊನ್ನೆಯೋ.”

“ಯಾರು ತುಂಬಿಸಿದ್ದು? ಬಾವಿಯಿಂದಲೇ ಸೇದಿದ್ದೋ, ಟಾಂಕಿಯಿಂದಲೋ?”

“ಅದೆಲ್ಲ ನನಗೆ ಹೇಗೆ ಗೊತ್ತು ಮಾರಾಯ್ರೆ? ನೀರು ನೀರೇ ಅಲ್ವಾ?”

ಅಧ್ಯಾಪಕಿ ಕಿಟಕಿಯ ಹತ್ತಿರ ಹೋಗಿ ಅಷ್ಟೂ ನೀರನ್ನು ಕ್ರೋಟನ್ ಗಿಡದ ಕುಂಡಕ್ಕೆ ಸುರಿದರು. ಬಾಟ್ಲಿ ತೊಳೆದು, ಒರೆಸಿ, ಒಂದು ಚೀಟಿ ಅಂಟಿಸಿ ಮಾಲೀಕರ ಕೈಗೆ ಕೊಟ್ಟರು. “ನೀವೇ ತುಂಬಿಸಿ ತನ್ನಿ. ಎಲ್ಲಿಂದ, ಯಾವಾಗ ಅಂತ ಚೀಟಿಯಲ್ಲಿ ಬರೆಯಿರಿ. ಆಮೇಲೆ ನೋಡುವ.” ಮಾಲೀಕರು ಗೊಣಗುತ್ತ ಹೋದರು, ಮರುದಿನ ಚೀಟಿ ತುಂಬಿಸಿಕೊಂಡು ಬಂದರಂತೆ. ಬೇರೊಂದು ಸುದ್ದಿಗೆಂದು ಅಲ್ಲಿ ಕೂತಿದ್ದ ನಾನು ಆ ಅಧ್ಯಾಪಕಿಯನ್ನು ಮೊದಲು ನೋಡಿದ್ದು ಹಾಗೆ.

ಈ ಮಾರ್ಚಿನಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುವ ಸಭೆಯಲ್ಲಿ ಶಿಸ್ತು, ಸಮಯಪಾಲನೆ, ಸರಳತೆ ಎಲ್ಲದರ ಬಗ್ಗೆಯೂ ಮಾತಾಯಿತು. ಹಿಂದೊಮ್ಮೆ ಅವರು ನೀರು ಪರೀಕ್ಷಿಸಿದ ಹಳ್ಳಿಯೊಂದರ ಕೆರೆಯ ಮಾತನ್ನು ಯಾರೂ ಎತ್ತಲಿಲ್ಲ. ಅದನ್ನು ಬರೆಯುತ್ತೇನೆ ಎಂದು ನಾನು ಹೇಳಿದಾಗ ಅವರು ಒಂದೇ ಷರತ್ತು ಹಾಕಿದರು: ಹೆಸರು ಬೇಡ. “ಹಾಕುವುದಾದರೆ ಬಾಟ್ಲಿ ಹೊತ್ತವರದ್ದೆಲ್ಲ ಹಾಕಬೇಕು. ನಿಮ್ಮ ಪೇಪರಿನಲ್ಲಿ ಜಾಗ ಸಾಲುವುದಿಲ್ಲ.” ಆದ್ದರಿಂದ ಆ ಹಳ್ಳಿಯವರಂತೆ ನಾನೂ ಬಾಯಮ್ಮ ಎನ್ನುತ್ತೇನೆ. ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ.

ಬಾಯಮ್ಮನ ಮನೆ ಉದ್ಯಾವರದಲ್ಲಿ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ತರಗತಿಯಲ್ಲಿ ಇಂಗ್ಲಿಷ್, ಬೈಯುವಾಗ ಮಾತ್ರ ಬಹಳ ಶುದ್ಧವಾದ ಕನ್ನಡ. ಬೆರಳ ತುದಿಗಳಲ್ಲಿ ಆಮ್ಲದ ಕಲೆಗಳಿದ್ದವು. ಆ ಬೆರಳಿನಿಂದ ಮುಖ ಮುಟ್ಟಬಾರದೆಂದು ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೆ ತಳ್ಳುತ್ತಿದ್ದರು. ಆದಿತ್ಯವಾರ ಇಗರ್ಜಿಯಲ್ಲಿ ಕೂತಾಗಲೂ ಕನ್ನಡಕ ಏರಿಸುವುದು ಮಣಿಕಟ್ಟಿನಿಂದಲೇ. ಬಂಗುಡೆ ಮೀನಿನ ಸಾರಿನ ವಿಷಯದಲ್ಲಿ ಮಾತ್ರ ಅಳತೆ, ತೂಕ ಯಾವುದೂ ಇರಲಿಲ್ಲ. “ಅದು ಕೈಗೆ ಗೊತ್ತಾಗಬೇಕು” ಎನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಕಾರ್ಕಳದಿಂದ ಮೂಡಣಕ್ಕೆ, ಘಟ್ಟದ ಬುಡದ ಒಂದು ಹಳ್ಳಿಯಲ್ಲಿ ಯುರೇನಿಯಂ ಹುಡುಕುವವರ ಶಿಬಿರ ಬಂತು. ಗಣಿ ಎನ್ನುವಷ್ಟು ದೊಡ್ಡದಲ್ಲ. ಗುಡ್ಡದಲ್ಲಿ ನಾಲ್ಕಾರು ಕಡೆ ಬಂಡೆ ಕೊರೆದರು, ಎರಡು ಕಡೆ ಆಳದ ಹೊಂಡ ತೋಡಿದರು. ಹೊಂಡದಲ್ಲಿ ನಿಂತ ನೀರನ್ನು ಪಂಪಿನಿಂದ ಎತ್ತಿ ಒಂದು ಚರಂಡಿಗೆ ಬಿಡುತ್ತಿದ್ದರು. ಗುಡ್ಡದ ಕೆಳಗೆ ಊರಿನ ಕೆರೆ. ಬೇಸಗೆಯಲ್ಲಿ ಊರಿಗೆಲ್ಲ ಅದೇ ನೀರು. ಹೊಂಡದ ನೀರು ಕೆರೆಗೆ ಬೀಳುತ್ತದೆ, ಕುಡಿದವರ ಎಲುಬು ಕರಗುತ್ತದೆ ಎಂದು ಸುದ್ದಿ ಹಬ್ಬಿತು. ಊರಿನ ಪಟೇಲರು ಉಡುಪಿಯ ನಮ್ಮ ಸಣ್ಣ ಪತ್ರಿಕೆಗೆ ಕಾಗದ ಬರೆದರು. ವರದಿಗಾರನಾಗಿ ನಾನು ಹೋದೆ. ಸುದ್ದಿ ನಿಜವೋ ಸುಳ್ಳೋ ಹೇಳಬಲ್ಲ ಒಬ್ಬರು ಬೇಕಿತ್ತು; ಬಾಯಮ್ಮನನ್ನು ಕೇಳಿದೆ.

“ಯುರೇನಿಯಂ ಅಳೆಯುವ ಮೆಷಿನು ನನ್ನ ಹತ್ತಿರ ಇಲ್ಲ” ಎಂದರು. ಆಮೇಲೆ, “ಉಂಟೋ ಇಲ್ವೋ ಅಂತ ನೋಡಲಿಕ್ಕೆ ಒಂದು ದಾರಿ ಉಂಟು. ಕತ್ತಲೆ ಕೋಣೆ ಬೇಕು” ಎಂದರು.

ಆ ದಾರಿ ಹೀಗಿತ್ತು. ಬಾಟ್ಲಿಗಟ್ಟಲೆ ನೀರನ್ನು ಕಾಯಿಸಿ ಕಾಯಿಸಿ ಒಂದು ಚಮಚಕ್ಕೆ ಇಳಿಸುವುದು. ಪ್ಲಾಟಿನಂ ತಂತಿಯ ತುದಿಯಲ್ಲಿ ಒಂದು ಬಗೆಯ ಉಪ್ಪನ್ನು ಕರಗಿಸಿ, ಆ ನೀರಿನ ಹನಿ ಸೇರಿಸಿ, ಸಾಸಿವೆಗಿಂತ ತುಸು ದೊಡ್ಡ ಮಣಿ ಮಾಡುವುದು. ಕತ್ತಲಲ್ಲಿ ಅದರ ಮೇಲೆ ನೇರಳಾತೀತ ಬೆಳಕು ಹಾಯಿಸಿದರೆ, ಯುರೇನಿಯಂ ಇದ್ದಲ್ಲಿ ಮಣಿ ಹಳದಿ ಹಸಿರಾಗಿ ಹೊಳೆಯುತ್ತದೆ. ಮಣಿಪಾಲದಲ್ಲಿ ಚರ್ಮರೋಗದ ಡಾಕ್ಟರೊಬ್ಬರು ಮಕ್ಕಳ ತಲೆಯ ಹುಳುಕಡ್ಡಿ ನೋಡಲು ಅಂಥ ದೀಪ ಇಟ್ಟುಕೊಂಡಿದ್ದರು. ಅದನ್ನು ಬೇಕಾದಾಗಲೆಲ್ಲ ಎರಡು ದಿನಕ್ಕೆಂದು ಬಾಯಮ್ಮ ಬೇಡಿ ತರುತ್ತಿದ್ದರು. ಕತ್ತಲೆ ಕೋಣೆ ನಮ್ಮ ಪತ್ರಿಕೆಯದು, ಫೋಟೋ ತೊಳೆಯುವ ಕೋಣೆ. ಆಸ್ಪತ್ರೆಯಲ್ಲಿ ಗ್ಲುಕೋಸ್ ಮುಗಿದು ಬಿಸಾಡುವ ರಬ್ಬರ್ ಮುಚ್ಚಳದ ಬಾಟ್ಲಿಗಳನ್ನು ತೊಳೆದು ನೀರಿಗೆ ಇಟ್ಟುಕೊಂಡರು.

ಕೆರೆಯ ಹತ್ತಿರ ಪಟೇಲರು ನಮ್ಮನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದರು. “ಎಲ್ಲರೂ ನೀರು ತೆಗೆಯುವುದು ಇಲ್ಲೇ” ಎಂದರು. ಬಾಯಮ್ಮ ಮೆಟ್ಟಿಲಿಳಿದು, ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ತೊಳೆದು ತುಂಬಿಸಿದರು. ಚೀಟಿ ಬರೆದರು. ನಾಲ್ಕು ವಾರ ಹೀಗೆ ನಡೆಯಿತು. ಏರಿಯ ಆಚೆ ದೂರದಲ್ಲಿ ಕೆಲವು ಹೆಂಗಸರು ನಿಂತು ನಮ್ಮನ್ನು ನೋಡುತ್ತಿದ್ದುದು ನನಗೆ ನೆನಪುಂಟು. ಅವರನ್ನು ಮಾತಾಡಿಸಲಿಲ್ಲ.

ಕತ್ತಲೆ ಕೋಣೆಯಲ್ಲಿ ಕೆರೆಯ ಮಣಿಗಳು ಹೊಳೆಯಲಿಲ್ಲ. ಹೋಲಿಸಿ ನೋಡಲೆಂದು ಕಾಲೇಜಿನ ಕಪಾಟಿನ ಹಳೆಯ ಯುರೇನಿಯಂ ಲವಣದಿಂದ ಮಾಡಿದ್ದ ಮಣಿ ಮಾತ್ರ ಮಿಣುಕು ಹುಳದಂತೆ ಹೊಳೆಯಿತು. ‘ಕೆರೆ ನೀರಿನಲ್ಲಿ ದೋಷವಿಲ್ಲ’ ಎಂದು ಶೀರ್ಷಿಕೆ ಕೊಟ್ಟವನು ನಾನೇ. ಊರಿಗೆ ನೆಮ್ಮದಿಯಾಯಿತು. ಪಟೇಲರು ನಮ್ಮಿಬ್ಬರಿಗೂ ಒಂದೊಂದು ಬಾಳೆಗೊನೆ ಕಳಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಸ್ಸಿನ ಕುಲುಕಾಟದಲ್ಲಿ ಎರಡು ಬಾಟ್ಲಿ ಒಡೆದಿದ್ದವು. ಮುಂದೆ ಎಲ್ಲಿಗಾದರೂ ಒಯ್ಯಲು ಗೂಡುಗಳಿರುವ ಒಂದು ಬುಟ್ಟಿ ಬೇಕೆಂದು ಬಾಯಮ್ಮನಿಗೆ ಅನಿಸಿತು. ಬುಟ್ಟಿ ಹೆಣೆಯುವವರು ಕೊರಗರು. ಅದೇ ಹಳ್ಳಿಯಲ್ಲಿ, ಕೆರೆಯ ಏರಿಯ ಕೆಳಗೆ, ಅವರ ಏಳೆಂಟು ಗುಡಿಸಲುಗಳ ಕೊಪ್ಪ ಇತ್ತು. ಈ ನಾಡಿನಲ್ಲಿ ಎಲ್ಲರಿಗಿಂತ ಮೊದಲಿನಿಂದ ಇದ್ದವರು. ಅವರನ್ನು ಊರಿನ ಅಂಚಿನಿಂದ ಒಳಗೆ ಬರಲು ಎಂದೂ ಬಿಡದವರು ನಾವು. ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ಅಲ್ಲಿಗೆ ಹೋದೆವು.

ಸುಕ್ರು ಎಂಬ ಹೆಂಗಸು ಅಂಗಳದಲ್ಲಿ ಕೂತು ಕಾಡುಬಳ್ಳಿ ಸೀಳುತ್ತಿದ್ದಳು. ಐವತ್ತು ದಾಟಿರಬೇಕು. ಬಾಯಮ್ಮ ಬುಟ್ಟಿಯ ಅಳತೆ ವಿವರಿಸಿದರು. ಮಾತೆಲ್ಲ ತುಳುವಿನಲ್ಲಿ ನಡೆಯಿತು.

“ಬಾಟ್ಲಿಗೆ ಬುಟ್ಟಿಯಾ?” ಎಂದಳು ಸುಕ್ರು. “ಬಾಟ್ಲಿ ಎಂತ ಕೋಳಿಯಾ, ಬಿಟ್ಟರೆ ಓಡಿಹೋಗಲಿಕ್ಕೆ?”

“ಓಡುವುದಿಲ್ಲ ಸುಕ್ರಕ್ಕ. ಒಂದಕ್ಕೊಂದು ತಾಗಿ ಸಾಯುತ್ತವೆ.”

ಅಕ್ಕ ಎಂದದ್ದಕ್ಕೆ ಸುಕ್ರು ಕತ್ತಿ ನಿಲ್ಲಿಸಿ ನೋಡಿದಳು. ಆ ಊರಿನಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಮುಂದೊಂದು ದಿನ ಪಟೇಲರು, “ಅವಳಿಗೆಂತ ಅಕ್ಕ ಮಾರಾಯ್ರೆ?” ಎಂದು ಕೇಳಿದಾಗ ಬಾಯಮ್ಮ, “ನನಗಿಂತ ದೊಡ್ಡವರು ಅಲ್ವಾ?” ಎಂದಷ್ಟೇ ಹೇಳಿದರು.

ಬಿಸಿಲು ಜೋರಿತ್ತು. ಬಾಯಮ್ಮ ಕುಡಿಯಲು ನೀರು ಕೇಳಿದರು.

“ನಮ್ಮ ಕೈಯಿಂದ ಕುಡಿಯುತ್ತೀರಾ?”

“ಪಾತ್ರೆಯಿಂದ ಕುಡಿಯುತ್ತೇನೆ. ತನ್ನಿ.”

ಸುಕ್ರು ನಕ್ಕು ಅಲ್ಯೂಮಿನಿಯಂ ಚೊಂಬಿನಲ್ಲಿ ನೀರು ತಂದಳು. ಬಾಯಮ್ಮ ಒಂದು ಗುಟುಕು ಕುಡಿದು ನಿಲ್ಲಿಸಿದರು. ಚೊಂಬನ್ನು ಓರೆ ಮಾಡಿ ತಳ ನೋಡಿದರು. ಕೆಂಪು ಗಸಿ ಕೂತಿತ್ತು.

“ಇದು ಎಲ್ಲಿಯ ನೀರು?”

“ಏರಿಯ ಕೆಳಗೆ ತೋಡಿನ ಬದಿಯಲ್ಲಿ ಗುಂಡಿ ಉಂಟಲ್ಲ, ಅಲ್ಲಿಯದ್ದು.”

“ಕೆರೆಯ ಮೆಟ್ಟಿಲಿನಿಂದ ತರುವುದಿಲ್ವಾ?”

“ಮೆಟ್ಟಿಲಿಗೆ ನಾವು ಇಳಿಯುವುದುಂಟಾ? ನೀವು ಯಾವ ಊರಿನವರು ಬಾಯಮ್ಮ?”

“ಉದ್ಯಾವರ.”

“ಅಲ್ಲಿ ನಮ್ಮವರು ಇಲ್ವಾ?”

“ಇದ್ದಾರೆ.”

“ಅವರು ನಿಮ್ಮ ಬಾವಿಗೆ ಬರುತ್ತಾರಾ?”

ಬಾಯಮ್ಮ ಮಣಿಕಟ್ಟಿನಿಂದ ಕನ್ನಡಕ ಮೇಲೆ ತಳ್ಳಿದರು. ಆಮೇಲೆ ನಾವು ಸುಕ್ರುವಿನ ಹಿಂದೆ ನಡೆದು ಗುಂಡಿ ನೋಡಿದೆವು. ಶಿಬಿರದ ಚರಂಡಿ ಕೆರೆಗೆ ಬೀಳುತ್ತಲೇ ಇರಲಿಲ್ಲ. ಕೆರೆಯ ಬದಿಯನ್ನು ಸುತ್ತಿ, ಏರಿಯ ತುದಿಯಲ್ಲಿ ಇಳಿದು, ಆ ಗುಂಡಿಯ ಪಕ್ಕದಲ್ಲೇ ಹರಿಯುವ ತೋಡಿಗೆ ಸೇರುತ್ತಿತ್ತು. ಊರಿಗೆ ಹೊಂಡದ ನೀರು ತಾಗಿರಲಿಲ್ಲ. ತಾಗಿದ್ದು ಕೊಪ್ಪಕ್ಕೆ.

“ಪರೀಕ್ಷೆ ಆಗುವವರೆಗೆ ಇದನ್ನು ಕುಡಿಯಬೇಡಿ ಸುಕ್ರಕ್ಕ.”

“ಮತ್ತೆ ಎಂತ ಕುಡಿಯುವುದು? ನಿಮ್ಮ ಬಾಟ್ಲಿಯನ್ನಾ?”

ವಾಪಸು ಬರುವಾಗ ಬಸ್ಸಿನಲ್ಲಿ ಬಾಯಮ್ಮ ನಿಟ್ಟೆ ದಾಟಿದ ಮೇಲೆ ಹೇಳಿದರು: “ನನಗೆ ಗೊತ್ತಿಲ್ಲದ್ದಾ ಇದು? ಸಣ್ಣದಿರುವಾಗಿನಿಂದ ನೋಡಿದ್ದೇನೆ. ನಮ್ಮ ಬಾವಿಯ ಹತ್ತಿರ ಬಾರದೆ ದೂರ ನಿಲ್ಲುತ್ತಿದ್ದರು. ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದರು. ಹೊರಗಿನವರಾಗಿದ್ದರೆ ಕೇಳುತ್ತಿದ್ದರು. ನಾನು ಇಲ್ಲಿಯವಳೇ ಅಲ್ವಾ, ಅದಕ್ಕೇ ಕೇಳಲಿಲ್ಲ.” ನಾನು ಕಾಪುವಿನವನು. ನನ್ನ ಮನೆಯ ಬಾವಿಯ ಕಥೆಯೂ ಬೇರೆ ಇರಲಿಲ್ಲ. ‘ಎಲ್ಲರೂ’ ಎಂದು ಪಟೇಲರು ಹೇಳಿದ್ದನ್ನು ನಾನು ಹಾಗೆಯೇ ಬರೆದುಕೊಂಡಿದ್ದೆ.

ಗುಂಡಿಯ ನೀರಿನ ಮಣಿ ಹೊಳೆಯಿತು. ಜೋರಾಗಿ ಅಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಾಣುವಷ್ಟು ಮಸುಕು ಹಸಿರು. ಬಾಯಮ್ಮ ಇನ್ನೆರಡು ಮಣಿ ಮಾಡಿದರು. ಅವೂ ಹೊಳೆದವು. “ಇದರಿಂದ ಯಾರಿಗೆ ಎಂತ ಆಗುತ್ತದೆ ಅಂತ ನನಗೆ ಗೊತ್ತಿಲ್ಲ. ಗೊತ್ತುಂಟು ಅಂತ ಬರೆಯಬೇಡಿ. ಕುಡಿಯುವ ನೀರಿನಲ್ಲಿ ಇರಬಾರದ್ದು ಉಂಟು, ಅಷ್ಟು ಬರೆಯಿರಿ.”

ಪತ್ರಿಕೆಯವರಿಗೆ ತಪ್ಪು ಒಪ್ಪಿಕೊಳ್ಳುವ ನಯವಾದ ಭಾಷೆ ಒಂದುಂಟು. ಹೆಚ್ಚಿನ ಪರೀಕ್ಷೆಯಲ್ಲಿ ಹೊಸ ಅಂಶ ಬೆಳಕಿಗೆ ಬಂದಿದೆ ಎಂದು ಬರೆದು ತೋರಿಸಿದೆ.

“ಹೊಸ ಅಂಶ ಯಾವುದು?” ಎಂದರು. “ಆ ಗುಂಡಿ ನಿನ್ನೆ ಹುಟ್ಟಿದ್ದಾ? ನಾನು ತಪ್ಪು ಜಾಗದಿಂದ ನೀರು ತೆಗೆದೆ. ಹಾಗೆ ಬರೆಯಿರಿ. ಯಾಕೆ ತೆಗೆದೆ ಅಂತಲೂ ಬರೆಯಿರಿ.”

“ಕಾಲೇಜಿನಲ್ಲಿ ನಿಮಗೆ ತೊಂದರೆ ಆಗಬಹುದು.”

“ಆಗಲಿ. ದೋಷವಿಲ್ಲ ಅಂದ ನನ್ನ ಮಾತಿಗೆ ಊರು ಸುಮ್ಮನಾಯಿತು, ಕೊಪ್ಪದವರು ಇನ್ನೂ ಅದೇ ನೀರು ಕುಡಿಯುತ್ತಿದ್ದಾರೆ ಮಾರಾಯ್ರೆ.”

ಸಂಪಾದಕರು ಒಂದೇ ಪ್ರಶ್ನೆ ಕೇಳಿದರು: ಮೊದಲ ಸುದ್ದಿ ಯಾವ ಪುಟದಲ್ಲಿತ್ತು? ತಿದ್ದುಪಡಿಯೂ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ಬಂತು. ಪ್ರಾಂಶುಪಾಲರು ಬಾಯಮ್ಮನನ್ನು ಕರೆದು, ಕಾಲೇಜಿನ ಹೆಸರು ಇಂಥದ್ದರಲ್ಲೆಲ್ಲ ಬರಬಾರದು ಎಂದರು. ಪಟೇಲರಂತೂ ಪತ್ರಿಕೆಯ ಕಚೇರಿಗೇ ಬಂದು ಹರಿಹಾಯ್ದರು. “ಊರಿನ ಮರ್ಯಾದೆ ತೆಗೆದಿರಿ! ಅವರಾಗಿ ಬರುವುದಿಲ್ಲ, ನಾವು ಬೇಡ ಅಂದದ್ದುಂಟಾ?” ಅದನ್ನು ಬರೆದುಕೊಳ್ಳಲೇ ಎಂದು ಕೇಳಿದೆ. ಬೇಡ ಎಂದರು.

ಎರಡನೆಯ ಸಲದ ಪರೀಕ್ಷೆಯ ರೀತಿಯೇ ಬೇರೆ. ಬಾಯಮ್ಮ ಕೊಪ್ಪದ ಅಂಗಳದಲ್ಲಿ ಕೂತು ಮೊದಲು ಕೇಳಿದ್ದು: ಕುಡಿಯುವುದು ಎಲ್ಲಿಯದ್ದು, ಅನ್ನಕ್ಕೆ ಎಲ್ಲಿಯದ್ದು, ಮಕ್ಕಳು ಮೀಯುವುದೆಲ್ಲಿ, ಏಡಿ ಹಿಡಿಯುವುದೆಲ್ಲಿ, ಬಳ್ಳಿ ನೆನೆಹಾಕುವುದೆಲ್ಲಿ? ಸುಕ್ರು ನಡೆದು ತೋರಿಸಿದಳು. ನಾವು ಬರೆದುಕೊಂಡಿದ್ದ ನಕ್ಷೆಯಲ್ಲಿ ಒಂದೇ ಚುಕ್ಕೆ ಇದ್ದ ಕೆರೆಗೆ ಈಗ ಆರು ಚುಕ್ಕೆಗಳಾದವು. ವಾರವಾರ ನೀರು ತೆಗೆದಿಡುವ ಕೆಲಸವನ್ನು ಸುಕ್ರು ವಹಿಸಿಕೊಂಡಳು. ಅವಳಿಗೆ ಓದು ಬಾರದು. ಚೀಟಿಯ ಬದಲು ಬಾಟ್ಲಿಯ ಕೊರಳಿಗೆ ಬಳ್ಳಿಯ ನಾರು ಕಟ್ಟಿ ಗಂಟು ಹಾಕಿದಳು. ಕುಡಿಯುವ ಗುಂಡಿಗೆ ಒಂದು ಗಂಟು, ಬಳ್ಳಿ ನೆನೆಹಾಕುವಲ್ಲಿಗೆ ಎರಡು, ಹೀಗೆ. ತುಂಬಿದ ದಿನಕ್ಕೆ ಬೇರೆಯೇ ಬಗೆಯ ಗಂಟು. ಬಾಯಮ್ಮ ಆ ಗಂಟುಗಳನ್ನು ನೋಟ್‌ಪುಸ್ತಕದಲ್ಲಿ ಚಿತ್ರ ಬರೆದು ಕಲಿತರು. ಒಂದು ದಿನ ತಾವೇ ತುಂಬಿಸಿದ ಬಾಟ್ಲಿಗೆ ಗಂಟು ಕಟ್ಟಲು ಮರೆತರು. ಸುಕ್ರು ಅದನ್ನು ಎತ್ತಿ ಸೀದಾ ತೋಡಿಗೆ ಸುರಿದಳು.

“ಅಯ್ಯೋ! ಅದು ಗುಂಡಿಯದ್ದೇ ಸುಕ್ರಕ್ಕ.”

“ಬಾಟ್ಲಿಗೆ ಗೊತ್ತುಂಟಾ ಅದು? ಇಳಿಯಿರಿ, ಇನ್ನೊಮ್ಮೆ ತುಂಬಿಸಿ.”

ಬಾಯಮ್ಮ ಸೀರೆ ಎತ್ತಿ ಕಟ್ಟಿ ಇಳಿದರು. ಅವರು ಅಷ್ಟು ಸಂತೋಷದಿಂದ ಬೈಗುಳ ತಿಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬುಟ್ಟಿಯೂ ಸಿದ್ಧವಾಯಿತು. ಹನ್ನೆರಡು ಗೂಡು, ಪ್ರತಿ ಗೂಡಿಗೂ ಒಣಹುಲ್ಲಿನ ಮೆತ್ತೆ. ಬಸ್ಸಿನಲ್ಲಿ ಕಂಡಕ್ಟರು, “ಬಾಯಮ್ಮ, ಇಷ್ಟು ಗ್ಲುಕೋಸ್ ಯಾರಿಗೆ?” ಎಂದರೆ, “ನಿಮ್ಮ ಬಸ್ಸಿಗೇ. ಹತ್ತಲಿಕ್ಕೆ ಆಗದೆ ದಮ್ಮು ಕಟ್ಟುತ್ತದಲ್ಲ” ಎನ್ನುತ್ತಿದ್ದರು.

ಶಿಬಿರದ ಅಧಿಕಾರಿ ಹೊರರಾಜ್ಯದವರು, ಸಭ್ಯ ಮನುಷ್ಯ. ಮಳೆಗಾಲ ಕಳೆದು ಬಾಯಮ್ಮ ತಮ್ಮ ಪಟ್ಟಿಯನ್ನು ಮುಂದಿಟ್ಟಾಗ ಅವರು ವಾದ ಮಾಡಲಿಲ್ಲ. ಚರಂಡಿಯ ಗುಂಟ ಕೊನೆಯವರೆಗೆ ನಡೆದು ನೋಡಿದರು. ಅದು ಕೆರೆಗೇ ಹೋಗುತ್ತದೆ, ಅಷ್ಟು ನೀರಿನಲ್ಲಿ ಇದು ಲೆಕ್ಕಕ್ಕಿಲ್ಲ ಎಂದು ಅವರೂ ನಂಬಿದ್ದರು. ಒಂದು ವಾರದಲ್ಲಿ ಪಂಪಿನ ನೀರನ್ನು ಗುಡ್ಡದ ಆಚೆ ಬದಿಯಲ್ಲಿ ಹೊಸದಾಗಿ ತೋಡಿದ ಇಂಗುಗುಂಡಿಗೆ ತಿರುಗಿಸಿದರು. ಆದರೆ ಹಳೆಯ ಗುಂಡಿಯ ನೀರು ತಿಳಿಯಾಗಲು ಎಷ್ಟು ಕಾಲ ಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಮಳೆಗಾಲದಲ್ಲಿ ಮಳೆ ನೀರು ಹಿಡಿದು ಕುಡಿದಿದ್ದರು, ಈಗ ಬೇಸಗೆ ಹತ್ತಿರ ಬರುತ್ತಿತ್ತು. ಗುಂಡಿ ತಿಳಿಯಾಗುವವರೆಗೆ ಕೊಪ್ಪದವರು ಏನು ಕುಡಿಯಬೇಕು?

ತಹಶೀಲ್ದಾರರು ಕೆರೆಯ ಏರಿಯ ಮೇಲೆಯೇ ಸಭೆ ಕರೆದರು. ಪಟೇಲರು ಕೊನೆಗೆ, “ಸದ್ಯಕ್ಕೆ ಮೆಟ್ಟಿಲಿನಿಂದಲೇ ತೆಗೆದುಕೊಳ್ಳಲಿ” ಎಂದರು. ಅದು ಆ ಊರಿನಲ್ಲಿ ಸಣ್ಣ ಮಾತಲ್ಲ. ಬಾಯಮ್ಮ ಕೃತಜ್ಞತೆ ಹೇಳಲು ಎದ್ದು ನಿಂತರು. ಅಷ್ಟರಲ್ಲಿ ಹಿಂದಿನಿಂದ ಸುಕ್ರುವಿನ ದನಿ ಬಂತು.

“ನಾಲ್ಕು ದಿನ ಇಳಿಸುತ್ತೀರಿ ಧಣಿ, ಐದನೇ ದಿನ ಹತ್ತಿಸುತ್ತೀರಿ. ಏಟು ತಿನ್ನುವುದು ನಮ್ಮ ಮಕ್ಕಳು. ನಮ್ಮ ನೀರು ನಮ್ಮ ಅಂಗಳದಲ್ಲಿ ಬೇಕು.”

ತಹಶೀಲ್ದಾರರು ಬಾಯಮ್ಮನ ಮುಖ ನೋಡಿದರು. ಬಾಯಮ್ಮ ಹೇಳಬೇಕೆಂದಿದ್ದುದನ್ನು ನುಂಗಿಕೊಂಡು, “ಕುಡಿಯುವವರು ಹೇಳಿದರಲ್ಲ ಸಾರ್. ನನ್ನದೂ ಅದೇ” ಎಂದು ಕೂತರು.

ಬೋರ್‌ವೆಲ್ಲಿಗೆ ಅಪ್ಪಣೆ ಸಿಕ್ಕಿತು. ಯಂತ್ರ ಯಾವಾಗ ಬರುತ್ತದೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಿಬಿರದ ಅಧಿಕಾರಿ, ಬಂಡೆ ಕೊರೆಯುವ ಯಂತ್ರ ತಮ್ಮ ಹತ್ತಿರವೇ ಇದೆಯಲ್ಲ ಎಂದರು. ಅದಿರು ಹುಡುಕಲು ಬಂದ ಯಂತ್ರ ಮೂರು ದಿನ ಕೊಪ್ಪದ ಅಂಗಳದಲ್ಲಿ ನೀರು ಹುಡುಕಿತು. ನೀರು ಸಿಕ್ಕಿತು. ಕೈಪಂಪು ಕೂರಿಸಿದರು. ಸುತ್ತ ನಿಂತವರೆಲ್ಲ ಕೇಕೆ ಹಾಕುತ್ತಿದ್ದಾಗ ಬಾಯಮ್ಮ ಪಂಪಿನ ಹಿಡಿಕೆಗೆ ಹಗ್ಗ ಬಿಗಿದು ಕಟ್ಟಿದರು. ಕೊರೆದದ್ದು ಅದೇ ಗುಡ್ಡದ ಬಂಡೆ. ಅದರೊಳಗಿನ ನೀರಿನಲ್ಲಿ ಏನುಂಟೆಂದು ನೋಡದೆ ಕುಡಿಯುವಂತಿಲ್ಲ. ಮಣಿ ಹೊಳೆದರೆ ಆ ಪಂಪನ್ನು ಮುಚ್ಚಬೇಕು. ಅವರಿಗೆ ಬೇರೆ ನೀರು ಇರಲಿಲ್ಲ.

ಈ ಸಲ ಸುಕ್ರು, “ನಾನೂ ನೋಡಬೇಕು” ಎಂದಳು. ಬುಟ್ಟಿ ಹೊತ್ತು ಬಾಯಮ್ಮನ ಜೊತೆ ಉಡುಪಿಗೆ ಬಂದಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕತ್ತಲೆ ಕೋಣೆ ಖಾಲಿ ಇತ್ತು. ಮೂವರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಮೊದಲು ಕಪಾಟಿನ ಲವಣದ ಮಣಿ: ಹೊಳೆಯಿತು. ಆಮೇಲೆ ಹಳೆಯ ಗುಂಡಿಯದು: ಮಸುಕಾಗಿ ಕಂಡಿತು. ಸುಕ್ರು ಉಸಿರು ಎಳೆದದ್ದು ಕೇಳಿಸಿತು. “ಇದನ್ನಾ ನಾವು ಕುಡಿದದ್ದು?”

“ಹೌದು.”

ಮೂರನೆಯದು ಕೈಪಂಪಿನ ನೀರು. ದೀಪದ ಕೆಳಗೆ ಬಾಯಮ್ಮನ ಬೆರಳುಗಳು ಕಂಡವು, ತಂತಿಯ ಗೆರೆ ಕಂಡಿತು. ಮಣಿ ಇದ್ದ ಜಾಗ ಕಪ್ಪಾಗಿಯೇ ಇತ್ತು. ನಾವು ಕಾದೆವು. ಬಾಯಮ್ಮ ಎರಡನೆಯ ಮಣಿ ಹಿಡಿದರು, ಮೂರನೆಯದು ಹಿಡಿದರು.

“ಎಂತ ಕಾಣುವುದಿಲ್ಲ” ಎಂದಳು ಸುಕ್ರು, ಹೆದರಿದ ದನಿಯಲ್ಲಿ.

“ಕಾಣಬಾರದು ಸುಕ್ರಕ್ಕ.”

ಬಾಗಿಲು ತೆರೆದು ಹೊರಗೆ ಬಂದಾಗ ಮಧ್ಯಾಹ್ನದ ಬೆಳಕಿಗೆ ಮೂವರ ಕಣ್ಣಲ್ಲೂ ನೀರು ಬಂತು. ನಾನು ಕಾಗದ ತೆಗೆದೆ. ಬಾಯಮ್ಮ ಹೇಳಿದರು: “ಈ ಪಂಪಿನ ನೀರಿನಲ್ಲಿ, ಈ ದಿನ, ನಮ್ಮ ಪರೀಕ್ಷೆಗೆ ಸಿಗುವಷ್ಟು ಯುರೇನಿಯಂ ಕಂಡಿಲ್ಲ. ಕೊಪ್ಪದವರು ಕುಡಿಯಬಹುದು. ಅಷ್ಟೇ ಬರೆಯಿರಿ.”

ನಾನು ಬರೆದು, ಸುಕ್ರುವಿಗೆ ತುಳುವಿನಲ್ಲಿ ಓದಿ ಹೇಳಿದೆ. ಅವಳು ಕಾಗದದ ಕೊನೆಗೆ ಬೆರಳಿಟ್ಟಳು.

“ಮಳೆಗಾಲದಲ್ಲಿ ಇನ್ನೊಮ್ಮೆ ನಾವೇ ನೋಡುತ್ತೇವೆ ಅಂತ ಕೊನೆಗೆ ಹಾಕಿ, ಪೇಪರಿನ ಧಣಿ. ಸರಕಾರದವರು ಮರೆತಾರು.”

ಬಾಯಮ್ಮ ನನ್ನ ಕಡೆ ನೋಡಿದರು. ಜಾಗ ಸಾಲದಿದ್ದರೆ ಸುದ್ದಿಯ ಕೊನೆಯ ಸಾಲನ್ನು ಮೊದಲು ಕತ್ತರಿಸುವುದು ನಮ್ಮ ಕಸುಬಿನ ರೂಢಿ. ಆ ದಿನ ನಾನು ಮೊದಲ ಪ್ಯಾರಾದಲ್ಲಿ ಎರಡು ಸಾಲು ಕಡಿಮೆ ಮಾಡಿ ಅದನ್ನು ಉಳಿಸಿಕೊಂಡೆ.

ಆ ಮಳೆಗಾಲದಲ್ಲಿ ಸುಕ್ರು, ಬಾಯಮ್ಮ ಇಬ್ಬರೂ ಮತ್ತೆ ನೀರು ನೋಡಿದರು. ಶಿಬಿರ ಎದ್ದುಹೋದ ಮೇಲಿನ ಮಳೆಗಾಲಗಳಲ್ಲೂ ನೋಡಿದರು.